ಬ್ರೂನೈ: ಎರಡು ತುಂಡಿನ ದೇಶ, ಒಬ್ಬ ದೊರೆ

ಪ್ರಶ್ನೆ: ನಮ್ಮ ಅಳಿಯಂದಿರಿಗೆ ಬ್ರೂನೈ ದೇಶದ ಸೆರಿಯಾ ಎಂಬ ಊರಿನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ವರ್ಷ ಮಗಳೂ ಹೋಗುತ್ತಾಳೆ. ಮ್ಯಾಪಿನಲ್ಲಿ ಹುಡುಕಿದರೆ ದೇಶ ಎರಡು ತುಂಡಾಗಿ ಕಾಣುತ್ತದೆ, ನಡುವೆ ಮಲೇಶಿಯಾ. ಒಂದು ದೇಶ ಹೀಗೆ ತುಂಡಾಗಿದ್ದು ಹೇಗೆ? ಅಲ್ಲಿ ಇವತ್ತಿಗೂ ರಾಜನದ್ದೇ ಆಡಳಿತ, ತೆರಿಗೆಯೇ ಇಲ್ಲ, ಎಲ್ಲ ಪುಕ್ಕಟೆ ಅನ್ನುತ್ತಾರೆ. ನಿಜವಾ? ಕಾನೂನು ಬಹಳ ಕಠಿಣ ಅಂತಲೂ ಕೇಳಿ ಭಯವಾಗಿದೆ. ವಿವರವಾಗಿ ತಿಳಿಸಿ.

ಉತ್ತರ: ಬ್ರೂನೈ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ಸುಲ್ತಾನರ ಕಾರುಗಳಿಂದ ಶುರುಮಾಡುತ್ತಾರೆ. ನೀವು ಮ್ಯಾಪಿನ ಎರಡು ತುಂಡಿನಿಂದ ಶುರುಮಾಡಿದ್ದೀರಿ. ನನಗೆ ಖುಷಿಯಾಯಿತು. ಆ ದೇಶದ ಕಥೆಯೆಲ್ಲ ಇರುವುದು ಆ ಬಿರುಕಿನಲ್ಲೇ.

ಮೊದಲು ಅಳತೆ ಹೇಳಿಬಿಡುತ್ತೇನೆ. ಬ್ರೂನೈ ಇರುವುದು 5,765 ಚದರ ಕಿಲೋಮೀಟರ್. ನಮ್ಮ ಕೊಡಗಿಗಿಂತ ದೊಡ್ಡದು, ಹಾಸನ ಜಿಲ್ಲೆಗಿಂತ ಚಿಕ್ಕದು. ಜನ ಸುಮಾರು ನಾಲ್ಕೂವರೆ ಲಕ್ಷ. ಅಂದರೆ ಕೊಡಗಿನಷ್ಟು ಜನವೂ ಇಲ್ಲ. ಬೋರ್ನಿಯೋ ಎಂಬ ದೈತ್ಯ ದ್ವೀಪದ ಉತ್ತರ ಕರಾವಳಿಯಲ್ಲಿ, ದಕ್ಷಿಣ ಚೀನಾ ಸಮುದ್ರಕ್ಕೆ ಮುಖ ಮಾಡಿ ಕೂತಿದೆ. ಆ ದ್ವೀಪದ ದೊಡ್ಡ ಪಾಲು ಇಂಡೋನೇಷ್ಯಾದ್ದು. ಉಳಿದದ್ದರಲ್ಲಿ ಸರವಾಕ್ ಮತ್ತು ಸಬಾ ಎಂಬ ಎರಡು ರಾಜ್ಯ ಮಲೇಶಿಯಾದ್ದು. ಅದರ ಸಂದಿಯಲ್ಲಿ ಒಂದು ಚೂರು ಬ್ರೂನೈ.

ತಮಾಷೆ ಏನೆಂದರೆ, ಇಡೀ ದ್ವೀಪಕ್ಕೆ ಹೆಸರು ಬಂದಿದ್ದೇ ಈ ಚೂರಿನಿಂದ. ಯೂರೋಪಿನ ನಾವಿಕರು ಬಂದಾಗ ಅವರಿಗೆ ಗೊತ್ತಿದ್ದ ದೊಡ್ಡ ಊರು ಬ್ರೂನೈ. ಅವರ ಬಾಯಲ್ಲಿ ಅದೇ ‘ಬೋರ್ನಿಯೋ’ ಆಯಿತು. 15-16ನೇ ಶತಮಾನದಲ್ಲಿ ಬ್ರೂನೈ ಸುಲ್ತಾನರ ಹಿಡಿತ ಬೋರ್ನಿಯೋ ಕರಾವಳಿಯ ಉದ್ದಕ್ಕೂ ಇತ್ತು. ಇವತ್ತಿನ ಫಿಲಿಪೈನ್ಸಿನ ಕೆಲವು ಭಾಗಕ್ಕೂ ಚಾಚಿತ್ತು.

1521ರಲ್ಲಿ ಪೋರ್ಚುಗೀಸ್ ನಾವಿಕ ಮೆಗಲನ್‌ನ ಹಡಗುಗಳು ಇಲ್ಲಿಗೆ ಬಂದವು. ಮೆಗಲನ್ ಆಗಲೇ ಫಿಲಿಪೈನ್ಸಿನಲ್ಲಿ ಸತ್ತಿದ್ದ. ಜೊತೆಯಲ್ಲಿದ್ದ ಇಟಲಿಯ ಆಂಟೋನಿಯೋ ಪಿಗಾಫೆಟ್ಟಾ ಕಂಡದ್ದನ್ನೆಲ್ಲ ಬರೆದಿಟ್ಟ. ಊರೆಲ್ಲ ನೀರಿನ ಮೇಲೆ, ಮರದ ಕಂಬಗಳ ಮೇಲೆ ಕಟ್ಟಿದ ಮನೆಗಳು. ಇಪ್ಪತ್ತೈದು ಸಾವಿರ ಒಲೆ ಉರಿಯುವ ಊರು ಎಂಬುದು ಅವನ ಲೆಕ್ಕ. ಇವರನ್ನು ರೇಷ್ಮೆ ಹೊದಿಸಿದ ಆನೆಗಳ ಮೇಲೆ ಕೂರಿಸಿ ಅರಮನೆಗೆ ಕರೆದೊಯ್ದರಂತೆ. ಆ ನೀರೂರು ಇವತ್ತಿಗೂ ಇದೆ. ಹೆಸರು ಕಂಪೊಂಗ್ ಆಯೆರ್, ಅಂದರೆ ನೀರಿನ ಹಳ್ಳಿ. ರಾಜಧಾನಿಯ ಎದುರಿಗೇ ಹೊಳೆಯಲ್ಲಿದೆ. ಶಾಲೆ, ಮಸೀದಿ, ಬೆಂಕಿ ಆರಿಸುವ ಠಾಣೆ, ದೋಣಿಗಳಿಗೆ ಪೆಟ್ರೋಲ್ ಬಂಕ್, ಎಲ್ಲವೂ ಕಂಬಗಳ ಮೇಲೆ. ಈಗ ಅಲ್ಲಿ ಜನ ಕಡಿಮೆ. ಬಹಳ ಮಂದಿ ಸರ್ಕಾರ ಕೊಟ್ಟ ನೆಲದ ಮನೆಗಳಿಗೆ ಹೋಗಿಬಿಟ್ಟರು. ನನ್ನನ್ನು ಕೇಳಿದರೆ ಬ್ರೂನೈಯಲ್ಲಿ ನೋಡಲೇಬೇಕಾದ್ದು ರಾಜಧಾನಿಯ ಮಸೀದಿಯ ಚಿನ್ನದ ಗುಮ್ಮಟಕ್ಕಿಂತ ಮೊದಲು ಇದು.

ಇಷ್ಟು ದೊಡ್ಡದಾಗಿದ್ದದ್ದು ಇಷ್ಟು ಚಿಕ್ಕದಾಗಿದ್ದು ಹೇಗೆ? ಒಂದೇ ಯುದ್ಧದಲ್ಲಿ ಸೋತು ಅಲ್ಲ. ಮನೆಯ ಸಾಲ ತೀರಿಸಲು ಪ್ರತಿ ವರ್ಷ ಒಂದೊಂದು ಎಕರೆ ಮಾರುತ್ತಾರಲ್ಲ, ಹಾಗೆ. 1839ರಲ್ಲಿ ಜೇಮ್ಸ್ ಬ್ರೂಕ್ ಎಂಬ ಇಂಗ್ಲಿಷ್ ಸಾಹಸಿ ಸ್ವಂತ ಹಡಗಿನಲ್ಲಿ ಬಂದ. ಸರವಾಕ್ ಕಡೆ ಎದ್ದ ದಂಗೆ ಅಡಗಿಸಲು ನೆರವಾದ. ಬದಲಿಗೆ 1841ರಲ್ಲಿ ಕುಚಿಂಗ್ ಸುತ್ತಲಿನ ನೆಲವೂ ‘ರಾಜ’ ಎಂಬ ಪಟ್ಟವೂ ಅವನಿಗೆ ಸಿಕ್ಕಿತು. ಅಲ್ಲಿಂದ ಅವನೂ ಅವನ ನಂತರದವರೂ ಒಂದೊಂದೇ ಹೊಳೆ ದಾಟಿ ಪೂರ್ವಕ್ಕೆ ಬಂದರು. ಇನ್ನೊಂದು ಬದಿಯಲ್ಲಿ, ಈಗ ಸಬಾ ಎನ್ನುವ ಭಾಗ ಬ್ರಿಟಿಷರ ಒಂದು ಕಂಪನಿಯ ಪಾಲಾಯಿತು. ಎಡಗಡೆ ಒಬ್ಬ ಬಿಳಿ ರಾಜ, ಬಲಗಡೆ ಒಂದು ಬಿಳಿ ಕಂಪನಿ. ನಡುವೆ ಸುಲ್ತಾನ.

1888ರಲ್ಲಿ ಬ್ರೂನೈ ಬ್ರಿಟನ್ನಿನ ರಕ್ಷಣೆಗೆ ಒಪ್ಪಿಸಿಕೊಂಡಿತು. ಇನ್ನಾದರೂ ಉಳಿದ ನೆಲ ಉಳಿದೀತು ಎಂಬ ಆಸೆ. ಆದರೆ ಎರಡೇ ವರ್ಷಕ್ಕೆ, 1890ರಲ್ಲಿ, ಜೇಮ್ಸ್ ನಂತರ ಬಂದ ಚಾರ್ಲ್ಸ್ ಬ್ರೂಕ್ ಲಿಂಬಂಗ್ ಕಣಿವೆಯನ್ನು ತನ್ನದು ಎಂದು ಸಾರಿಬಿಟ್ಟ. ಲಿಂಬಂಗ್ ಇದ್ದದ್ದು ಬ್ರೂನೈಯ ನಟ್ಟನಡುವೆ. ಆಗಿನ ಸುಲ್ತಾನ ಹಾಶಿಮ್ ಬಹಳ ಪ್ರತಿಭಟಿಸಿದರು. ಕಾಯಲು ಬಂದ ಬ್ರಿಟಿಷ್ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟು ಕೂತಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಲ್ವಾ? ನಿಮ್ಮ ಮ್ಯಾಪಿನಲ್ಲಿ ನಡುವೆ ಬಂದ ಮಲೇಶಿಯಾ ಅಂದರೆ ಅದೇ ಲಿಂಬಂಗ್. ಪಶ್ಚಿಮದ ತುಂಡಿನಲ್ಲಿ ಬ್ರೂನೈ-ಮುವಾರಾ, ತುತೊಂಗ್, ಬೆಲಾಯ್ತ್ ಎಂಬ ಮೂರು ಜಿಲ್ಲೆ. ಪೂರ್ವದ ತುಂಡು ತೆಂಬುರೊಂಗ್, ನಾಲ್ಕನೆಯದು.

ಈ ಗಾಯ ಮೊನ್ನೆ ಮೊನ್ನೆಯವರೆಗೂ ನೋಯುತ್ತಿತ್ತು. ರಾಜಧಾನಿಯಿಂದ ತೆಂಬುರೊಂಗಿಗೆ ಕಾರಿನಲ್ಲಿ ಹೋಗಬೇಕೆಂದರೆ ಬ್ರೂನೈಯಿಂದ ಹೊರಗೆ ಒಂದು ಮುದ್ರೆ, ಮಲೇಶಿಯಾದ ಒಳಗೆ ಒಂದು, ಹೊರಗೆ ಒಂದು, ಮತ್ತೆ ಬ್ರೂನೈ ಒಳಗೆ ಒಂದು. ಸ್ವಂತ ದೇಶದ ಇನ್ನೊಂದು ಜಿಲ್ಲೆಗೆ ಹೋಗಲು ಪಾಸ್‌ಪೋರ್ಟಿನಲ್ಲಿ ನಾಲ್ಕು ಮುದ್ರೆ! ಇಲ್ಲವೆಂದರೆ ಸ್ಪೀಡ್‌ಬೋಟ್. ಕೊನೆಗೆ ಲಿಂಬಂಗನ್ನು ಬಿಟ್ಟು, ಸಮುದ್ರದ ಮೇಲೆಯೇ ಸುಮಾರು 30 ಕಿಲೋಮೀಟರ್ ಉದ್ದದ ಸೇತುವೆ ಕಟ್ಟಿದರು. 2020ರ ಮಾರ್ಚಿನಲ್ಲಿ ಅದು ತೆರೆಯಿತು. ಆಗ್ನೇಯ ಏಷ್ಯಾದಲ್ಲಿ ಅಷ್ಟು ಉದ್ದದ ಸೇತುವೆ ಇನ್ನೊಂದಿಲ್ಲ. ತೆಂಬುರೊಂಗಿನಲ್ಲಿ ಇರುವುದು ಬರೀ ಕೆಲವು ಸಾವಿರ ಜನ ಮತ್ತು ದಟ್ಟ ಕಾಡು. ಅಷ್ಟು ಜನಕ್ಕೆ ಇಷ್ಟು ದುಡ್ಡೇ ಎಂದು ಕೇಳಿದವರಿದ್ದಾರೆ. ಮನೆ ಒಡೆದು ಪಾಲಾದ ಮೇಲೆ ಆ ಕಡೆಯ ಕೋಣೆಗೆ ಬೀದಿಯಲ್ಲಿ ಸುತ್ತಿಕೊಂಡು ಹೋಗಬೇಕಾದವರಿಗೆ ಅದು ಅರ್ಥವಾಗುತ್ತದೆ.

ಇನ್ನು ನಿಮ್ಮ ಅಳಿಯಂದಿರ ಊರಿಗೆ ಬರುತ್ತೇನೆ. 1906ರಿಂದ ಬ್ರೂನೈಯಲ್ಲಿ ಒಬ್ಬ ಬ್ರಿಟಿಷ್ ರೆಸಿಡೆಂಟ್ ಬಂದು ಕೂತ. ಧರ್ಮದ ವಿಷಯ ಒಂದನ್ನು ಬಿಟ್ಟು ಬೇರೆಲ್ಲದರಲ್ಲೂ ಅವನ ‘ಸಲಹೆ’ಯನ್ನು ಸುಲ್ತಾನರು ಕೇಳಲೇಬೇಕು. ಆಗ ಖಜಾನೆ ಖಾಲಿ, ಸಾಲ ಕುತ್ತಿಗೆಯವರೆಗೆ. ಇನ್ನೊಂದು ಇಪ್ಪತ್ತು ವರ್ಷ ಹೀಗೇ ಹೋಗಿದ್ದರೆ ಆ ಉಳಿದ ಚೂರೂ ಇರುತ್ತಿತ್ತೋ ಇಲ್ಲವೋ. ಆದರೆ 1929ರಲ್ಲಿ ಸೆರಿಯಾದಲ್ಲಿ, ಕಡಲ ತೀರದ ಜೌಗು ನೆಲದಲ್ಲಿ, ಎಣ್ಣೆ ಸಿಕ್ಕಿತು. ಎಲ್ಲರೂ ಕಿತ್ತುಕೊಂಡು ಬಿಟ್ಟ ತುಂಡಿನಲ್ಲೇ ನಿಧಿ ಇತ್ತು!

ಸೆರಿಯಾ ಒಂದು ಸಣ್ಣ ಊರು. ತಲೆ ಆಡಿಸುವ ಕತ್ತೆಯ ಹಾಗೆ ಮೇಲೆ ಕೆಳಗೆ ಆಡುವ ಎಣ್ಣೆ ಪಂಪುಗಳು ರಸ್ತೆ ಬದಿಯಲ್ಲಿ, ಕಡಲ ದಂಡೆಯಲ್ಲಿ ಕಾಣುತ್ತವೆ. 1991ರಲ್ಲಿ ಅಲ್ಲಿಂದ ನೂರು ಕೋಟಿಯನೆಯ ಬ್ಯಾರೆಲ್ ಎತ್ತಿದ ನೆನಪಿಗೆ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ 1941ರ ಡಿಸೆಂಬರಿನಲ್ಲಿ ಇಲ್ಲಿಗೆ ನುಗ್ಗಿದ್ದೂ ಈ ಎಣ್ಣೆಗೇ. 1945ರಲ್ಲಿ ಹಿಂದೆ ಸರಿಯುವಾಗ ಬಾವಿಗಳಿಗೆ ಬೆಂಕಿಯಿಟ್ಟು ಹೋದರು. ಆಮೇಲೆ ಅದೇ ಜಪಾನ್ ಗಿರಾಕಿಯಾಯಿತು. 1970ರ ದಶಕದ ಮೊದಲಲ್ಲಿ ಪಕ್ಕದ ಲುಮುತ್‌ನಲ್ಲಿ ಗ್ಯಾಸನ್ನು ತಂಪಾಗಿಸಿ ದ್ರವ ಮಾಡುವ ಸ್ಥಾವರ ಶುರುವಾಯಿತು. ಅಂಥ ದೊಡ್ಡ ಸ್ಥಾವರಗಳಲ್ಲಿ ಜಗತ್ತಿನ ಮೊದಲ ಕೆಲವುಗಳಲ್ಲಿ ಅದೂ ಒಂದು. ಅಲ್ಲಿಂದ ಹಡಗು ತುಂಬಿ ಗ್ಯಾಸ್ ಜಪಾನಿಗೆ ಹೋಗತೊಡಗಿತು. ಎಣ್ಣೆ ತೆಗೆಯುವ ಮುಖ್ಯ ಕಂಪನಿ ಬ್ರೂನೈ ಶೆಲ್. ಅದರಲ್ಲಿ ಸರ್ಕಾರಕ್ಕೂ ಶೆಲ್ ಎಂಬ ವಿದೇಶಿ ಎಣ್ಣೆ ಕಂಪನಿಗೂ ಅರ್ಧರ್ಧ ಪಾಲು.

ಸೆರಿಯಾದಲ್ಲಿ ನೇಪಾಳಿ ಮುಖಗಳು ಕಂಡರೆ ನಿಮ್ಮ ಮಗಳು ಆಶ್ಚರ್ಯಪಡುವುದು ಬೇಡ. ಬ್ರಿಟಿಷ್ ಸೇನೆಯ ಗೂರ್ಖಾ ಪಡೆ ಇವತ್ತಿಗೂ ಅಲ್ಲಿ ಬೀಡುಬಿಟ್ಟಿದೆ. ಖರ್ಚು ಕೊಡುವವರು ಸುಲ್ತಾನರು. ಯಾಕೆ ಅನ್ನುವುದಕ್ಕೆ 1962ಕ್ಕೆ ಹೋಗಬೇಕು. ನನ್ನ ಪ್ರಕಾರ ಇವತ್ತಿನ ಬ್ರೂನೈ ಹುಟ್ಟಿದ್ದು 1984ರ ಸ್ವಾತಂತ್ರ್ಯದ ದಿನ ಅಲ್ಲ, 1962ರ ಡಿಸೆಂಬರ್ 8ರಂದು.

ಆಗ ಸುಲ್ತಾನರಾಗಿದ್ದವರು ಈಗಿನವರ ತಂದೆ, ಮೂರನೇ ಒಮರ್ ಅಲಿ ಸೈಫುದ್ದೀನ್. ಜಾಣ, ತಾಳ್ಮೆಯ ಮನುಷ್ಯ. 1959ರಲ್ಲಿ ಬ್ರಿಟಿಷರೊಂದಿಗೆ ಮಾತಾಡಿ ಬರೆದ ಸಂವಿಧಾನ ತಂದರು. 1962ರಲ್ಲಿ ಚುನಾವಣೆಯೂ ಆಯಿತು. ಹೌದು, ಬ್ರೂನೈಯಲ್ಲಿ ಒಮ್ಮೆ ಚುನಾವಣೆ ನಡೆದಿತ್ತು. ಎ. ಎಂ. ಅಜಹರಿ ನಾಯಕರಾಗಿದ್ದ ಪಾರ್ಟಿ ರಕ್ಯಾತ್ ಬ್ರೂನೈ, ಅಂದರೆ ಜನತಾ ಪಕ್ಷ, ಜಿಲ್ಲಾ ಮಂಡಳಿಗಳ 55 ಸ್ಥಾನಗಳಲ್ಲಿ 54 ಗೆದ್ದಿತು. ಅವರಿಗೆ ಬೇಕಿದ್ದದ್ದು ಬ್ರೂನೈ, ಸರವಾಕ್, ಸಬಾ ಮೂರೂ ಸೇರಿದ ಒಂದು ಸ್ವತಂತ್ರ ದೇಶ. ಸುಲ್ತಾನರು ಅದಕ್ಕೆ ಹೆಸರಿಗೆ ಮಾತ್ರ ಮುಖ್ಯಸ್ಥ. ಆದರೆ ಆಗ ಬ್ರಿಟಿಷರು ಈ ಮೂರನ್ನೂ ಹೊಸ ಮಲೇಶಿಯಾಕ್ಕೆ ಸೇರಿಸುವ ಯೋಚನೆಯಲ್ಲಿದ್ದರು.

ಡಿಸೆಂಬರ್ 8ರ ಬೆಳಗಿನ ಜಾವ ಪಕ್ಷದ ಸಶಸ್ತ್ರ ಪಡೆ ದಂಗೆ ಎದ್ದಿತು. ಪೊಲೀಸ್ ಠಾಣೆಗಳ ಮೇಲೆ ದಾಳಿ, ಸೆರಿಯಾದ ಎಣ್ಣೆ ಕ್ಷೇತ್ರದಲ್ಲಿ ಜನರನ್ನು ಒತ್ತೆ ಹಿಡಿದರು. ನಾಯಕ ಅಜಹರಿ ಆ ಹೊತ್ತಿಗೆ ಇದ್ದದ್ದು ಮನಿಲಾದಲ್ಲಿ! ಸಿಂಗಾಪುರದಿಂದ ಗೂರ್ಖಾ ಪಡೆ, ಬ್ರಿಟಿಷ್ ಪಡೆ ವಿಮಾನದಲ್ಲಿ ಬಂದಿಳಿದವು. ಕೆಲವೇ ದಿನಗಳಲ್ಲಿ ದಂಗೆ ಮುಗಿಯಿತು. ಪಕ್ಷ ನಿಷೇಧವಾಯಿತು. ಅಂದು ಹೇರಿದ ತುರ್ತು ಪರಿಸ್ಥಿತಿಯನ್ನು ಎರಡು ವರ್ಷಕ್ಕೊಮ್ಮೆ ಮುಂದುವರಿಸುತ್ತಲೇ ಬಂದಿದ್ದಾರೆ. ನಮ್ಮಲ್ಲಿ 21 ತಿಂಗಳ ತುರ್ತು ಪರಿಸ್ಥಿತಿಯನ್ನು ಇವತ್ತಿಗೂ ಮಾತಾಡುತ್ತೇವೆ. ಅಲ್ಲಿ ಅರವತ್ತು ವರ್ಷ ದಾಟಿತು, ಬೀದಿಯಲ್ಲಿ ಅದರ ಸುಳಿವೂ ಸಿಗುವುದಿಲ್ಲ.

1963ರಲ್ಲಿ ಮಲೇಶಿಯಾ ಹುಟ್ಟಿತು. ಸರವಾಕ್, ಸಬಾ ಸೇರಿದವು. ಬ್ರೂನೈ ಸೇರಲಿಲ್ಲ. ಎರಡು ಜಗಳ ಬಗೆಹರಿಯಲಿಲ್ಲ: ಎಣ್ಣೆಯ ದುಡ್ಡು ಯಾರ ಕೈಯಲ್ಲಿ, ಮತ್ತು ಮಲಯ ಸುಲ್ತಾನರ ಸಾಲಿನಲ್ಲಿ ಬ್ರೂನೈ ಸುಲ್ತಾನರ ಜಾಗ ಎಷ್ಟನೆಯದು. ಎರಡನೆಯದು ಬರೀ ಪ್ರತಿಷ್ಠೆ ಅನ್ನಿಸಬಹುದು. ಒಂದು ಕಾಲಕ್ಕೆ ದ್ವೀಪದ ಕರಾವಳಿಯುದ್ದಕ್ಕೂ ಆಳಿದ ಮನೆತನಕ್ಕೆ ಅದು ಸಣ್ಣ ಮಾತಾಗಿರಲಿಲ್ಲ.

1967ರ ಅಕ್ಟೋಬರ್ 5ರಂದು ಒಮರ್ ಅಲಿ ತಾವಾಗಿಯೇ ಪಟ್ಟ ಬಿಟ್ಟುಕೊಟ್ಟರು. ಮಗ ಹಸನಲ್ ಬೊಲ್ಕಿಯಾ ಸುಲ್ತಾನರಾದರು. ಆಗ ಅವರಿಗೆ 21 ವರ್ಷ. ಇವತ್ತಿಗೂ ಅವರೇ. ವಂಶದಲ್ಲಿ 29ನೆಯವರು. 2022ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ತೀರಿಕೊಂಡ ಮೇಲೆ, ಈಗ ಆಳುತ್ತಿರುವ ರಾಜರಲ್ಲಿ ಅತಿ ಹೆಚ್ಚು ವರ್ಷದಿಂದ ಪಟ್ಟದಲ್ಲಿರುವವರು ಅವರೇ. ಬ್ರಿಟಿಷರು ‘ಇನ್ನು ನೀವು ಸ್ವತಂತ್ರರಾಗಿ’ ಎಂದು ಒತ್ತಾಯ ಮಾಡಿದ ಮೇಲೆ, 1984ರ ಜನವರಿ 1ರಂದು ಬ್ರೂನೈ ಪೂರ್ತಿ ಸ್ವತಂತ್ರವಾಯಿತು. ಸ್ವಾತಂತ್ರ್ಯ ಬೇಡ ಎಂದು ಹಿಂದೆ ಸರಿದ ವಸಾಹತು ಅಪರೂಪ. ರಾಷ್ಟ್ರೀಯ ದಿನ ಮಾಡುವುದು ಮಾತ್ರ ಫೆಬ್ರವರಿ 23ರಂದು.

ರಾಜನದ್ದೇ ಆಡಳಿತವಾ ಎಂದು ಕೇಳಿದಿರಿ. ಹೌದು, ಅಕ್ಷರಶಃ. ಇಂಗ್ಲೆಂಡಿನ ಹಾಗೆ, ಥಾಯ್ಲೆಂಡಿನ ಹಾಗೆ ಅಲ್ಲ. ಸುಲ್ತಾನರೇ ಪ್ರಧಾನ ಮಂತ್ರಿ. ರಕ್ಷಣೆ, ಹಣಕಾಸು, ವಿದೇಶಾಂಗ ಖಾತೆಗಳೂ ಅವರ ಹತ್ತಿರವೇ. ಶಾಸನ ಸಭೆ ಎಂಬುದೊಂದನ್ನು 2004ರಲ್ಲಿ ಮತ್ತೆ ತೆರೆದರು. ಅದರಲ್ಲಿ ಕೂರುವವರು ಜನರ ಮತದಿಂದ ಬಂದವರಲ್ಲ. ವರ್ಷಕ್ಕೊಮ್ಮೆ ಸೇರಿ ಬಜೆಟ್ ಚರ್ಚೆ ಮಾಡುತ್ತಾರೆ, ರಸ್ತೆ ನೀರಿನ ದೂರು ಹೇಳುತ್ತಾರೆ. ಅದೇ ವರ್ಷ ತಿದ್ದಿದ ಸಂವಿಧಾನದಲ್ಲಿ ಒಂದು ಮಾತಿದೆ: ಸುಲ್ತಾನರು ಸ್ವಂತಕ್ಕಾಗಲಿ ಅಧಿಕಾರದಲ್ಲಾಗಲಿ ತಪ್ಪು ಮಾಡಲಾರರು. ಇದಕ್ಕೆ ನಾನು ವಿವರಣೆ ಸೇರಿಸುವುದಿಲ್ಲ. ಈ ಎಲ್ಲದರ ಹಿಂದಿನ ಸಿದ್ಧಾಂತಕ್ಕೆ ‘ಮೆಲಾಯು ಇಸ್ಲಾಂ ಬೆರಾಜಾ’ ಎಂದು ಹೆಸರು. ಮಲಯ ಸಂಸ್ಕೃತಿ, ಇಸ್ಲಾಂ, ರಾಜತ್ವ, ಮೂರೂ ಒಂದೇ ಹಗ್ಗದ ಎಳೆಗಳು ಎಂದು ಶಾಲೆಯಲ್ಲೇ ಪಾಠ ಮಾಡುತ್ತಾರೆ.

ಕನ್ನಡದವರಿಗೆ ಅಲ್ಲಿ ಒಂದು ಮಜಾ ಇದೆ. ಅಷ್ಟು ಗಟ್ಟಿ ಇಸ್ಲಾಮಿಕ್ ದೇಶದ ದರಬಾರಿನ ಮಾತಿಗೆ ಕಿವಿ ಕೊಟ್ಟರೆ ಪರಿಚಯದ ಪದಗಳೇ. ದೇಶಕ್ಕೆ ‘ನೆಗಾರಾ’ ಎನ್ನುತ್ತಾರೆ, ನಮ್ಮ ನಗರ. ಪ್ರಧಾನಿ ‘ಪೆರ್ದಾನಾ ಮೆಂತೆರಿ’. ಭಾಷೆ ‘ಬಹಾಸಾ’. ಅರಮನೆ ‘ಇಸ್ತಾನಾ’, ಅದು ಆಸ್ಥಾನ. ಯುವರಾಜರ ಬಿರುದಿನಲ್ಲಿ ‘ಮಹ್ಕೋತಾ’ ಬರುತ್ತದೆ, ಅದು ಮಕುಟ. ಸುಲ್ತಾನರನ್ನು ಕರೆಯುವ ಉದ್ದನೆಯ ಬಿರುದಿನಲ್ಲಿ ‘ದುಲಿ’ ಇದೆ, ‘ಪಾದುಕಾ’ ಇದೆ, ‘ಸೆರಿ’ ಇದೆ. ನಾವು ದೊರೆಯ ಪಾದದ ಧೂಳಿನ ಕೆಳಗಿನವರು ಎಂಬ ಅರ್ಥ. ಇನ್ನು ರಾಜಧಾನಿಯ ಹೆಸರು ಬಂದರ್ ಸೆರಿ ಬೆಗಾವಾನ್. ಬಂದರು, ಶ್ರೀ, ಭಗವಾನ್! ಪಟ್ಟ ಬಿಟ್ಟ ಮೇಲೆ ಒಮರ್ ಅಲಿ ತೆಗೆದುಕೊಂಡ ಬಿರುದು ‘ಸೆರಿ ಬೆಗಾವಾನ್’. ಅವರ ಗೌರವಕ್ಕೆ 1970ರಲ್ಲಿ ಊರಿಗೆ ಆ ಹೆಸರಿಟ್ಟರು. ಇಸ್ಲಾಂ ಬರುವ ಮೊದಲು ಆ ಕಡಲಲ್ಲೆಲ್ಲ ಹರಡಿದ್ದ ಸಂಸ್ಕೃತದ ಗುರುತು ಇದು. ಮತ ಬದಲಾದರೂ ದರಬಾರಿನ ನಾಲಿಗೆ ಬದಲಾಗಲಿಲ್ಲ.

ತೆರಿಗೆ ವಿಷಯ. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಇದು ನಿಜ, ನಿಮ್ಮ ಅಳಿಯಂದಿರಿಗೂ ಅನ್ವಯಿಸುತ್ತದೆ. ಕಂಪನಿಗಳಿಗೆ ತೆರಿಗೆ ಇದೆ: ಸಾಮಾನ್ಯ ಕಂಪನಿಗೆ ಶೇ. 18.5, ಎಣ್ಣೆ ಕಂಪನಿಗಳಿಗೆ ಶೇ. 55. ಸರ್ಕಾರ ನಡೆಯುವುದು ಆ ಎಣ್ಣೆ ಗ್ಯಾಸಿನ ದುಡ್ಡಿನಲ್ಲಿ. ಪೆಟ್ರೋಲ್ ಲೀಟರಿಗೆ ಬ್ರೂನೈ ಡಾಲರಿನ 53 ಸೆಂಟ್, ಸಬ್ಸಿಡಿ ಕೊಟ್ಟು ಹಿಡಿದಿಟ್ಟ ಬೆಲೆ. ಪ್ರಜೆಗಳಿಗೆ ಶಾಲೆ ಪುಕ್ಕಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಡಾಲರ್ ಕೊಟ್ಟರೆ ಸಾಕು. 60 ದಾಟಿದವರಿಗೆ ತಿಂಗಳಿಗೆ 250 ಡಾಲರ್ ಪಿಂಚಣಿ.

ಆದರೆ ‘ಎಲ್ಲ ಪುಕ್ಕಟೆ’ ಅನ್ನುವಾಗ ಒಂದು ಪದ ಮರೆತುಹೋಗುತ್ತದೆ: ಪ್ರಜೆಗಳಿಗೆ. ಹಳದಿ ಗುರುತಿನ ಚೀಟಿ ಇದ್ದವರು ಪ್ರಜೆಗಳು. ಖಾಯಂ ನಿವಾಸಿಗಳ ಚೀಟಿಯ ಬಣ್ಣವೇ ಬೇರೆ. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದವರಲ್ಲಿ ಬಹಳ ಮಂದಿ ಇವತ್ತಿಗೂ ಯಾವ ದೇಶದ ಪ್ರಜೆಗಳೂ ಅಲ್ಲ. ಪೌರತ್ವ ಬೇಕೆಂದರೆ ಮಲಯ ಭಾಷೆ, ಸಂಸ್ಕೃತಿಯ ಪರೀಕ್ಷೆ ಪಾಸಾಗಬೇಕು, ಅದು ಸುಲಭವಲ್ಲ. ಹೊರಗಿನಿಂದ ಕೆಲಸಕ್ಕೆ ಬಂದವರು ಇನ್ನೂ ಒಂದು ಮೆಟ್ಟಿಲು ಕೆಳಗೆ. ಕಟ್ಟಡ ಕೆಲಸ, ಹೋಟೆಲ್, ಮನೆಗೆಲಸ ನಡೆಯುತ್ತಿರುವುದೇ ಬಾಂಗ್ಲಾದೇಶ, ಇಂಡೋನೇಷ್ಯಾ, ಫಿಲಿಪೈನ್ಸ್, ಭಾರತದವರಿಂದ. ಅವರಿಗೆ ಆಸ್ಪತ್ರೆ ಒಂದು ಡಾಲರಿಗೆ ಸಿಗುವುದಿಲ್ಲ. ಆದ್ದರಿಂದ ಅಳಿಯಂದಿರ ಕೆಲಸದ ಕರಾರಿನಲ್ಲಿ ಆಸ್ಪತ್ರೆ ಖರ್ಚು, ಮನೆ ಬಾಡಿಗೆ, ಹೆಂಡತಿಯ ವೀಸಾ ಯಾರದ್ದು ಎಂಬುದನ್ನು ಈಗಲೇ ನೋಡಿಕೊಳ್ಳಲಿ. ತೆರಿಗೆ ಉಳಿತಾಯ ಅಲ್ಲೇ ಸೋರಿಹೋಗಬಾರದು.

ನಾನು ಈ ವ್ಯವಸ್ಥೆಯನ್ನು ಹೀಗೆ ನೋಡುತ್ತೇನೆ. ತೆರಿಗೆ ಕೊಡುವವನು ಲೆಕ್ಕ ಕೇಳುತ್ತಾನೆ. ತೆರಿಗೆ ಇಲ್ಲದ ಕಡೆ ಲೆಕ್ಕ ಕೇಳುವ ದಾರಿಯೂ ಮುಚ್ಚಿರುತ್ತದೆ. ಅಲ್ಲಿ ತೆರಿಗೆಯೂ ಇಲ್ಲ, ಮತವೂ ಇಲ್ಲ. 1998ರಲ್ಲಿ ಸುಲ್ತಾನರ ತಮ್ಮ, ಆ ಮೊದಲು ಹಣಕಾಸು ಮಂತ್ರಿಯಾಗಿದ್ದ ರಾಜಕುಮಾರ ಜೆಫ್ರಿ ಅವರ ಉದ್ಯಮ ಸಮೂಹ ಕುಸಿದುಬಿತ್ತು. ದೇಶದ ಹೂಡಿಕೆ ಸಂಸ್ಥೆಯಿಂದ ಸುಮಾರು 1,500 ಕೋಟಿ ಅಮೆರಿಕನ್ ಡಾಲರ್ ಹೋಗಿದೆ ಎಂದು ಸರ್ಕಾರವೇ ಕೋರ್ಟಿಗೆ ಹೋಯಿತು. ಅವರು ಆರೋಪ ಅಲ್ಲಗಳೆದರು. ಜಗಳ ವರ್ಷಗಟ್ಟಲೆ ಲಂಡನ್ನಿನ ಕೋರ್ಟುಗಳವರೆಗೂ ಎಳೆಯಿತು. ದೇಶದ ದುಡ್ಡಿನ ಲೆಕ್ಕವನ್ನು ಜನ ಓದಿದ್ದು ಕೋರ್ಟಿನ ಕಾಗದಗಳಿಂದ. ಹಾಗಂತ ಜನ ಸುಲ್ತಾನರನ್ನು ದ್ವೇಷಿಸುತ್ತಾರೆ ಎಂದುಕೊಳ್ಳಬೇಡಿ. ಪ್ರೀತಿ, ಗೌರವ ನಿಜವಾಗಿಯೂ ಇದೆ. ಭಯವೂ ಅದರಲ್ಲಿ ಸೇರಿದೆ. ಯಾವುದು ಎಷ್ಟು ಎಂದು ಬೇರ್ಪಡಿಸುವುದು ಹಾಲಿನಲ್ಲಿ ಬೆರೆತ ನೀರನ್ನು ತೆಗೆದ ಹಾಗೆ.

ಕಾನೂನಿನ ಭಯ. 2019ರ ಏಪ್ರಿಲ್ 3ರಂದು ಶರಿಯಾ ದಂಡಸಂಹಿತೆ ಪೂರ್ತಿ ಜಾರಿಗೆ ಬಂತು. ಕಳ್ಳತನಕ್ಕೆ ಕೈ ಕತ್ತರಿಸುವ, ವ್ಯಭಿಚಾರ ಮತ್ತು ಸಲಿಂಗ ಸಂಬಂಧಕ್ಕೆ ಕಲ್ಲು ಹೊಡೆದು ಕೊಲ್ಲುವ ಶಿಕ್ಷೆಗಳು ಪುಸ್ತಕದಲ್ಲಿ ಇವೆ. ಜಗತ್ತಿನಾದ್ಯಂತ ಗಲಾಟೆಯಾಯಿತು. ಬ್ರೂನೈ ಒಡೆತನದ ಹೋಟೆಲುಗಳಿಗೆ ಯಾರೂ ಹೋಗಬೇಡಿ ಎಂದು ಹಾಲಿವುಡ್ ನಟರು ಕರೆಕೊಟ್ಟರು. ಒಂದು ತಿಂಗಳಲ್ಲೇ ಸುಲ್ತಾನರು, ಮರಣದಂಡನೆಗೆ ಮೊದಲಿನಿಂದ ಇರುವ ತಡೆ ಇದಕ್ಕೂ ಅನ್ವಯಿಸುತ್ತದೆ ಎಂದು ಹೇಳಿದರು. ಅಲ್ಲಿ 1957ರ ನಂತರ ಯಾರನ್ನೂ ಗಲ್ಲಿಗೆ ಹಾಕಿಲ್ಲ. ಆದರೂ ಕಾನೂನು ರದ್ದಾಗಿಲ್ಲ. ಇಂಥದ್ದನ್ನು ಪುಸ್ತಕದಲ್ಲಿ ಉಳಿಸಿಕೊಳ್ಳುವುದೇ ಜನರ ತಲೆಯ ಮೇಲೆ ಕತ್ತಿ ತೂಗಿಬಿಟ್ಟ ಹಾಗೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮಕ್ಕಳ ದಿನನಿತ್ಯದ ಬದುಕಿಗೆ ತಟ್ಟುವುದು ಬೇರೆ ಸಣ್ಣಪುಟ್ಟ ನಿಯಮಗಳು. ಮದ್ಯ ಮಾರಾಟ 1991ರಿಂದ ಇಲ್ಲ. ಮುಸ್ಲಿಮರಲ್ಲದವರು ಹೊರಗಿನಿಂದ ಬರುವಾಗ ಎರಡು ಬಾಟಲಿ ಮತ್ತು ಹನ್ನೆರಡು ಕ್ಯಾನ್ ಬಿಯರ್ ತರಬಹುದು. ಕಸ್ಟಮ್ಸಿನಲ್ಲಿ ಬರೆದುಕೊಡಬೇಕು, ಮನೆಯೊಳಗೇ ಕುಡಿಯಬೇಕು. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಬಹಿರಂಗವಾಗಿ ತಿನ್ನುವುದು, ಕುಡಿಯುವುದು ಯಾರಿಗೂ ಸಲ್ಲದು. ಶುಕ್ರವಾರ 12ರಿಂದ 2ರವರೆಗೆ ಅಂಗಡಿ, ಹೋಟೆಲ್, ಎಲ್ಲ ಬಂದ್. ಮಾದಕ ವಸ್ತು ಸಾಗಣೆಗೆ ಶರಿಯಾ ಅಲ್ಲದ ಮಾಮೂಲಿ ಕಾನೂನಿನಲ್ಲೇ ಮರಣದಂಡನೆ ಇದೆ. ಯಾರೋ ಪರಿಚಯದವರು ‘ಇದೊಂದು ಪೊಟ್ಟಣ ಅಲ್ಲಿ ಕೊಟ್ಟುಬಿಡಿ’ ಅಂದರೆ ಕೈ ಮುಗಿದು ಬೇಡ ಅನ್ನಲಿ. ದೀಪಾವಳಿಗೆ ರಜೆ ಇಲ್ಲ. ಕ್ರಿಸ್ಮಸ್ಸಿಗೆ ರಜೆ ಇದೆ, ಆದರೆ ಬಹಿರಂಗ ಅಲಂಕಾರಕ್ಕೆ ನಿಷೇಧ! ಸುಲ್ತಾನರ ಬಗ್ಗೆ, ಧರ್ಮದ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯುವ ಚಪಲ ಬೇಡ. ಬೆರಳು ಮಾಡಿ ತೋರಿಸುವುದು ಅಲ್ಲಿ ಒರಟುತನ. ಹೆಬ್ಬೆರಳಿನಿಂದ ತೋರಿಸುತ್ತಾರೆ. ಹಳದಿ ರಾಜಮನೆತನದ ಬಣ್ಣ, ಅರಮನೆಯ ಸಮಾರಂಭಕ್ಕೆ ಹಳದಿ ಸೀರೆ ಉಡುವುದು ಬೇಡ. ಇಷ್ಟು ಬಿಟ್ಟರೆ, ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಇರಬಹುದಾದ ಶಾಂತ ಊರುಗಳು ಅವು. ಬೇಜಾರಾಗುವಷ್ಟು ಶಾಂತ.

ಕಾರು ಓಡಿಸಲು ಕಲಿತೇ ಹೋಗಲಿ. ಬಸ್ಸು ಹೆಸರಿಗೆ ಮಾತ್ರ. ಹಣದ ವಿಷಯದಲ್ಲಿ ಒಂದು ಅನುಕೂಲ ಇದೆ: 1967ರ ಒಪ್ಪಂದದಂತೆ ಬ್ರೂನೈ ಡಾಲರಿಗೂ ಸಿಂಗಾಪುರ ಡಾಲರಿಗೂ ಒಂದೇ ಬೆಲೆ. ಸಿಂಗಾಪುರದ ನೋಟನ್ನು ಬ್ರೂನೈ ಅಂಗಡಿಯಲ್ಲಿ ಸುಮ್ನೆ ಕೊಡಬಹುದು.

ಊಟಕ್ಕೆ ಬಂದರೆ, ಅಗ್ಗದ ಜನಪ್ರಿಯ ಊಟ ‘ನಾಸಿ ಕಾತೊಕ್’. ಅನ್ನ, ಕರಿದ ಕೋಳಿ, ಖಾರದ ಸಂಬಾಲ್, ಬಹಳ ಕಾಲ ಒಂದೇ ಡಾಲರಿಗೆ ಸಿಗುತ್ತಿತ್ತು. ಕಾತೊಕ್ ಅಂದರೆ ಬಾಗಿಲು ಬಡಿಯುವುದು. ರಾತ್ರಿ ಹಸಿದವರು ಮಾರುವವರ ಮನೆ ಬಾಗಿಲು ಬಡಿದು ಕೊಳ್ಳುತ್ತಿದ್ದರಂತೆ. ನಿಜವಾದ ನಾಡ ಊಟ ‘ಅಂಬುಯಾತ್’. ಸಾಗೋ ತಾಳೆಯ ಹಿಟ್ಟಿಗೆ ಕುದಿಯುವ ನೀರು ಹಾಕಿ ತಿರುವಿದ ಅಂಟು ಮುದ್ದೆ. ಬಿದಿರಿನ ಎರಡು ಕವಲಿನ ಕಡ್ಡಿಗೆ ಸುತ್ತಿ, ಹುಳಿ ಖಾರದ ಗೊಜ್ಜಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ರಾಗಿ ಮುದ್ದೆ ನುಂಗಿ ಬೆಳೆದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ! ಸಸ್ಯಾಹಾರಿಗಳಾದರೆ ಗೊಜ್ಜಿನಲ್ಲಿ ಒಣ ಸಿಗಡಿ ಇದೆಯಾ ಎಂದು ಕೇಳಿಕೊಳ್ಳಲಿ.

ಅಲ್ಲಿ ಭಾರತೀಯರು ಸುಮಾರು 14 ಸಾವಿರ ಇದ್ದಾರೆ. ಕೂಲಿಯವರಿಂದ ಹಿಡಿದು ಡಾಕ್ಟರು, ಎಂಜಿನಿಯರು, ಮೇಷ್ಟ್ರುಗಳವರೆಗೆ. ಎರಡು ದೇಶಗಳ ರಾಜತಾಂತ್ರಿಕ ಸಂಬಂಧ 1984ರಿಂದ ಇದೆ. ಆದರೂ ಭಾರತದ ಪ್ರಧಾನಿಯೊಬ್ಬರು ದ್ವಿಪಕ್ಷೀಯ ಭೇಟಿಗೆ ಅಲ್ಲಿಗೆ ಮೊದಲು ಹೋದದ್ದು 2024ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ನವೆಂಬರಿನಲ್ಲಿ ರಾಯಲ್ ಬ್ರೂನೈ ವಿಮಾನ ಸಂಸ್ಥೆ ಚೆನ್ನೈಗೆ ನೇರ ವಿಮಾನ ಶುರುಮಾಡಿತು. ಈಗಿನ ವೇಳಾಪಟ್ಟಿ ನೋಡಿಕೊಂಡು ಟಿಕೆಟ್ ತೆಗೆಯಿರಿ. ಬೆಂಗಳೂರಿಗೂ ಬ್ರೂನೈಗೂ ಒಂದು ನಂಟಿದೆ, ಹೆಚ್ಚಿನವರಿಗೆ ತಿಳಿಯದು. ಶ್ರೀಹರಿಕೋಟಾದಿಂದ ರಾಕೆಟ್ ಪೂರ್ವಕ್ಕೆ ಹಾರಿದಾಗ ಅದರ ಮೇಲೆ ಕಣ್ಣಿಡುವ ಇಸ್ರೋದ ಒಂದು ಕೇಂದ್ರ ಬ್ರೂನೈಯಲ್ಲಿದೆ. ಅದನ್ನು ನೋಡಿಕೊಳ್ಳುವುದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಎಂಬ ಇಸ್ರೋ ಘಟಕ. ರಾಕೆಟ್ ಉಡಾವಣೆಯ ನೇರ ಪ್ರಸಾರದಲ್ಲಿ ‘ಬ್ರೂನೈ’ ಎಂಬ ಹೆಸರು ಕೇಳಿಬಂದರೆ ಅದೇ.

ಮುಂದೆ ಹೇಗೆ? ‘ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು’ ಎಂಬುದು ಅವರಿಗೂ ಗೊತ್ತು. 1979ರ ಹೊತ್ತಿಗೆ ದಿನಕ್ಕೆ ಎರಡು ಲಕ್ಷ ಬ್ಯಾರೆಲಿಗಿಂತ ಜಾಸ್ತಿ ಎಣ್ಣೆ ಬರುತ್ತಿತ್ತು. ಈಗ ಅದರ ಅರ್ಧಕ್ಕೂ ಇಳಿದಿದೆ. ‘ವಾವಾಸಾನ್ 2035’ ಎಂಬ ಯೋಜನೆ ಇಟ್ಟುಕೊಂಡಿದ್ದಾರೆ, ಎಣ್ಣೆ ಬಿಟ್ಟು ಬೇರೆ ಕಸುಬು ಬೆಳೆಸಬೇಕೆಂದು. ಚೀನಾದ ಹೆಂಗ್‌ಯಿ ಕಂಪನಿ ಮುವಾರಾ ಬೆಸಾರ್ ದ್ವೀಪದಲ್ಲಿ ಕಟ್ಟಿದ ದೊಡ್ಡ ರಿಫೈನರಿ 2019ರಲ್ಲಿ ಶುರುವಾಯಿತು. ಹೊರಗಿನ ಕಚ್ಚಾ ಎಣ್ಣೆ ತಂದು ಶುದ್ಧ ಮಾಡಿ ಮಾರುವುದು. ಎಣ್ಣೆಯಿಂದ ಹೊರಬರುವ ದಾರಿಯೂ ಎಣ್ಣೆಯಲ್ಲೇ ಸಿಕ್ಕಿದೆ ನೋಡಿ! ಡಿಗ್ರಿ ಮುಗಿಸಿದ ಹುಡುಗರು ಸರ್ಕಾರಿ ಕೆಲಸಕ್ಕೇ ಕಾಯುತ್ತಾ ಕೂರುವುದು ಅಲ್ಲಿಯೂ ಇದೆ. ಅಂಗಡಿ ಇಡುವ, ಹೊಲ ಉಳುವ ಕೆಲಸ ಹೊರಗಿನವರದ್ದು ಎಂಬ ಅಭ್ಯಾಸ ಎರಡು ತಲೆಮಾರಿನಿಂದ ಬಂದದ್ದು. ಅದು ಒಂದು ಯೋಜನೆಯ ಕಡತದಿಂದ ಹೋಗುವುದು ಕಷ್ಟ.

ನಿಮ್ಮ ಮಗಳು ಅಲ್ಲಿದ್ದಾಗ ರಂಜಾನ್ ಹಬ್ಬ, ಅಲ್ಲಿಯವರ ಮಾತಿನಲ್ಲಿ ಹರಿ ರಾಯಾ, ಬಂದರೆ ಅರಮನೆಗೆ ಹೋಗಲು ಹೇಳಿ. ಇಸ್ತಾನಾ ನೂರುಲ್ ಇಮಾನ್ ಎಂಬ ಆ ಅರಮನೆಯಲ್ಲಿ 1,788 ಕೋಣೆಗಳಿವೆ. ವರ್ಷವಿಡೀ ಬಾಗಿಲು ಮುಚ್ಚಿರುತ್ತದೆ. ಆ ಹಬ್ಬಕ್ಕೆ ಮಾತ್ರ ಮೂರು ದಿನ ಎಲ್ಲರಿಗೂ ತೆರೆಯುತ್ತಾರೆ, ಹೊರದೇಶದವರಿಗೂ. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಮೊದಲು ಹೊಟ್ಟೆ ತುಂಬಾ ಊಟ. ಆಮೇಲೆ ಗಂಡಸರು ಸುಲ್ತಾನರ, ಹೆಂಗಸರು ರಾಣಿಯವರ ಕೈ ಕುಲುಕಿ ಬರುತ್ತಾರೆ. ಹೊರಬರುವಾಗ ಎಲ್ಲರ ಕೈಗೂ ಒಂದು ತಿಂಡಿಯ ಡಬ್ಬಿ, ಮಕ್ಕಳಿಗೆ ದುಡ್ಡಿಟ್ಟ ಹಸಿರು ಲಕೋಟೆ. ಸುಲ್ತಾನರು ಒಬ್ಬೊಬ್ಬರ ಕೈಯನ್ನೂ ಗಂಟೆಗಟ್ಟಲೆ ನಿಂತು ಕುಲುಕುತ್ತಾರೆ. ನಾನು ಮೇಲೆ ಹೇಳಿದ ಪ್ರೀತಿ, ಭಯ ಎರಡನ್ನೂ ಆ ಸಾಲಿನಲ್ಲಿ ನಿಂತರೆ ನೋಡಬಹುದು.

ಕೊನೆಗೆ ಒಂದು ಸಣ್ಣ ವಿಷಯ. ಬ್ರೂನೈ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನೀವು ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ. ಸಂಜೆ ಆರೂವರೆ ಒಳ್ಳೆಯ ಹೊತ್ತು. ಸರ್ಕಾರಿ ಕಚೇರಿಗಳಿಗೆ ರಜೆ ಶುಕ್ರವಾರ ಮತ್ತು ಭಾನುವಾರ, ಶನಿವಾರ ಕೆಲಸ ಇರುತ್ತದೆ. ಖಾಸಗಿ ಕಂಪನಿಗಳದ್ದು ಬೇರೆ ಬೇರೆ. ಅಳಿಯಂದಿರ ವಾರದ ರಜೆ ಯಾವತ್ತು ಎಂದು ಮೊದಲೇ ಕೇಳಿಟ್ಟುಕೊಳ್ಳಿ.